ಹೊಗೆ ಸೋಸಲು ಹೋದ ಬಾಯಾರು

ಹೋದ ತಿಂಗಳು ಒಂದು ರವಿವಾರ ಬೆಳಿಗ್ಗೆ. ಇಡೀ ಓಣಿ ಟಿವಿಯ ಪುರಾಣ ಧಾರಾವಾಹಿಗೆ ಕೈ ಮುಗಿದು ಕೂತಿರುವ ಹೊತ್ತು. ಚಿಕ್ಕೋಡಿಯ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. (ಅದೂ ಯಾರದೋ ಮನೆಯ ಟಿವಿ ಮುಂದೆ ಇದ್ದಿರಬೇಕು.) ಅಂಥ ಹೊತ್ತಿನಲ್ಲಿ ನಮ್ಮ ಬಾಗಿಲು ಬಡಿದ ಸದ್ದು.

ತೆರೆದರೆ ಐವತ್ತರ ಆಸುಪಾಸಿನ ಒಬ್ಬ ಗೃಹಸ್ಥರು. ಬಿಳಿ ಟೋಪಿ, ಬಿಳಿ ಅಂಗಿ, ಬಿಳಿ ಧೋತರ. ಬಗಲಲ್ಲಿ ಕಾಗದದ ಪೊಟ್ಟಣ. ಒಳಗೆ ಬಂದವರೇ ಪೊಟ್ಟಣ ಬಿಚ್ಚಿ, ನಮ್ಮ ಟೀಪಾಯಿ ಮೇಲೆ ಕರಿ ಬಟ್ಟೆಯೊಂದನ್ನು ಹಾಸಿದರು. ಅಂಟಂಟು. ಮನೆ ತುಂಬ ಸುಟ್ಟ ಕಟ್ಟಿಗೆಯ ಘಾಟು.

“ಇದೇನ್ರಿ ಇದು?” ಎಂದೆ.

“ನನ್ನ ಧೋತರ್ರಿ ಬಾಯಾರ. ಈಗ ಉಟ್ಟೀನಲ್ಲ, ಇದರ ಜೋಡೀದು.”

ನಾನು ಇಬ್ಬರನ್ನೂ ನೋಡಿದೆ. ಅಂದರೆ ಎರಡೂ ಧೋತರಗಳನ್ನು. ಒಂದೇ ತಾಯಿಯ ಮಕ್ಕಳು ಎಂದು ಯಾರೂ ನಂಬುವಂತಿರಲಿಲ್ಲ.

“ನೀವು ಪೇಪರ್‌ನಾಗ ಬರದಿದ್ರಲ್ಲ, ಹೊಗಿ ಬಟ್ಟ್ಯಾಗ ಸೋಸಿದ್ರ ಆತು ಅಂತ. ಸೋಸೀನ್ರಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆಮೇಲೆ ಪೊಟ್ಟಣದ ಕಾಗದ ಕಣ್ಣಿಗೆ ಬಿತ್ತು. ನನ್ನದೇ ಅಂಕಣ! ನನ್ನ ಫೋಟೋದ ಮೂಗಿನ ಮೇಲೂ ಒಂದು ಕರಿ ಬೊಟ್ಟು.

ಒಳಗಿನಿಂದ ನಮ್ಮ ಯಜಮಾನರು, “ಯಾರು ಬಂದಾರ?” ಎಂದು ಕೂಗಿದರು. “ಓದುಗರು” ಎಂದೆ. “ಅಯ್ಯೋ ಪಾಪ” ಎಂದರು. (ಯಾರಿಗೆ ಪಾಪ ಎಂದು ಈವರೆಗೂ ಬಾಯಿ ಬಿಟ್ಟಿಲ್ಲ.)

ನಿಮಗೆ ನೆನಪಿದೆಯೋ ಇಲ್ಲವೋ. ಚಳಿಗಾಲದಲ್ಲಿ ಒಂದು ಕೃಷಿ ಮೇಳಕ್ಕೆ ಹೋಗಿ ಬಂದು, ಕಟ್ಟಿಗೆಯಿಂದ ಇಂಜಿನ್ ಓಡಿಸುವ ಯಂತ್ರದ ಬಗ್ಗೆ ಇಲ್ಲೇ ಬರೆದಿದ್ದೆ. ಆಳೆತ್ತರದ ಕಬ್ಬಿಣದ ಡ್ರಮ್. ಮೇಲಿನಿಂದ ಜಾಲಿ ಕಟ್ಟಿಗೆಯ ತುಂಡು ಹಾಕಬೇಕು. ಒಳಗೆ ಗಾಳಿ ಕಡಿಮೆ ಬಿಟ್ಟು ಸುಟ್ಟರೆ ಉರಿಯುವ ಗ್ಯಾಸ್ ಹುಟ್ಟುತ್ತದೆ. ಅದನ್ನು ಡೀಸೆಲ್ ಇಂಜಿನ್‌ಗೆ ಕೊಟ್ಟರೆ ಡೀಸೆಲ್ ನಾಮಕಾವಸ್ತೆ ಸಾಕು, ಉಳಿದ ಕೆಲಸ ಕಟ್ಟಿಗೆಯದು. ನನಗೆ ಖುಷಿಯೋ ಖುಷಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಬಾಯಾರು ನಾನು, ಇಂಥದು ಕಂಡರೆ ಬಿಟ್ಟೇನೆಯೇ? ಹೊಗಳಿ ಹೊಗಳಿ ಬರೆದೆ. ಕೊನೆಗೆ ಒಂದು ಸಾಲು: ಗ್ಯಾಸಿನ ಜೊತೆ ಒಂದಿಷ್ಟು ಟಾರು ಬರುತ್ತದೆ, ಬಟ್ಟೆಯಲ್ಲಿ ಸೋಸಿದರೆ ಆಯಿತು.

ಟಾರು ಅಂದರೆ ರಸ್ತೆಯ ಡಾಂಬರಿನ ತಮ್ಮ. ಕಟ್ಟಿಗೆ ಸರಿಯಾಗಿ ಉರಿಯದೆ ಕಮರಿದಾಗ ಹೊಗೆಯ ಜೊತೆ ಹೊರಡುವ ಕರಿ ಅಂಟು. ಅಡುಗೆಮನೆಯ ಹಂಚಿನಿಂದ ಮಳೆಗಾಲದಲ್ಲಿ ತೊಟ್ಟಿಕ್ಕುತ್ತದಲ್ಲ, ಅದೇ. ಬಿಸಿ ಇರುವಾಗ ಆವಿ. ತಣ್ಣಗಾದರೆ ಅಂಟು. ಇಂಜಿನ್ನಿನ ಒಳಗೆ ಹೋಗಿ ತಣ್ಣಗಾದರೆ? ಅಲ್ಲೇ ಮನೆ ಮಾಡುತ್ತದೆ.

ಬಂದವರ ಹೆಸರು ಜಿನ್ನಪ್ಪ. ಶೇಡಬಾಳದ ಆಚೆ ಒಂದು ಸಣ್ಣ ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟವರು. ಅವರ ಊರಿಗೆ ಕರೆಂಟ್ ಬರುವುದು ಅಳಿಯ ಬಂದ ಹಾಗೆ. ಬಂದರೆ ಸಂಭ್ರಮ, ಕೂರುವ ಮೊದಲೇ ಹೊರಡುವ ಅವಸರ. ಹೀಗಾಗಿ ನನ್ನ ಅಂಕಣ ಓದಿ, ಓಡಾಡಿ, ಯಂತ್ರ ತರಿಸಿ ಗಿರಣಿಗೆ ಜೋಡಿಸಿದರು. ಬೇಸಿಗೆ ಇಡೀ ಅದು ಓಡಿತು. ಅಕ್ಕಪಕ್ಕದ ಊರಿನವರು ನೋಡಲು ಬಂದರು.

ಮಳೆ ಬಿತ್ತು. ಓಟ ನಿಂತಿತು. ಒಂದು ತಾಸು ಓಡಿದರೆ ವಾಲ್ವ್ ಅಂಟಿಕೊಂಡು ಇಂಜಿನ್ ಕೆಮ್ಮುತ್ತದೆ. ಕುಡಚಿಯಿಂದ ಮಿಸ್ತ್ರಿ ಬಂದು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಬೇಕು. ಮರುದಿನ ಮತ್ತೆ ಅದೇ.

“ಮಳಿಗಾಲದಾಗ ಗಿರಣಿ ನಿಂದ್ರಬಾರ್ದ್ರಿ ಬಾಯಾರ. ನಮ್ಮಲ್ಲಿ ಹಿಟ್ಟು ಮೂರ ದಿನಾ ಅಷ್ಟ,” ಎಂದರು ಜಿನ್ನಪ್ಪ.

ಅವರು ಜೈನರು. ಮಳೆಗಾಲದಲ್ಲಿ ಬೀಸಿದ ಹಿಟ್ಟನ್ನು ಮೂರು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ, ಹುಳ ಹುಟ್ಟುತ್ತವೆ, ಹಿಂಸೆಯಾಗುತ್ತದೆ. ಹಾಗಾಗಿ ಊರಿನ ಅರ್ಧ ಮನೆಗಳು ಮೂರು ದಿನಕ್ಕೊಮ್ಮೆ ಬುಟ್ಟಿ ಹೊತ್ತು ಗಿರಣಿಗೆ ಬರಲೇಬೇಕು.

ಇಷ್ಟೇ ಆಗಿದ್ದರೆ ಮಿಸ್ತ್ರಿಗೆ ಹೇಳಿ ಅಂದು ಕೈ ತೊಳೆದುಕೊಳ್ಳುತ್ತಿದ್ದೆ. ಜಿನ್ನಪ್ಪ ಕರಿ ಧೋತರ ಮಡಚುತ್ತ ಮಡಚುತ್ತ ಮೆಲ್ಲಗೆ ಹೇಳಿದರು.

“ನಮ್ಮವ್ವ ಬೆಲ್ಲ ಬಿಟ್ಟಾಳ್ರಿ.”

“ಯಾಕ? ಡಾಕ್ಟರ್ ಹೇಳ್ಯಾರೇನು?”

“ಇಲ್ರಿ. ಗ್ಯಾಸ್ ತೊಳದ ಕರಿ ನೀರು ಹಿತ್ತಲದಾಗ ಬಿಟ್ಟಿದ್ದೆ. ಇರಿವಿ ಸತ್ತು, ಎರಿಹುಳಾ ಸತ್ತು, ಒಂದ ಕಪ್ಪಿನೂ ಸತ್ತಿತು. ಅವ್ವ ನೋಡಿದ್ಲು. ಮರುದಿನಾ ಬೆಲ್ಲ ಬಿಟ್ಲು. ಮುಂದಿನ ವಾರ ಹಾಲು. ಮೊನ್ನೆ ಉಪ್ಪು.” ಮಡಚಿದ ಧೋತರವನ್ನು ಮತ್ತೆ ಬಿಚ್ಚಿದರು. “ಬೈದ್ರ ಛಲೋ ಇತ್ರಿ. ಬೈಯೂದಿಲ್ಲ, ಬಿಡ್ತಾಳ. ಇನ್ನ ಏನ ಬಿಡ್ತಾಳೋ ಅಂತ ಅಂಜಿಕಿ. ಎಪ್ಪತ್ತ ದಾಟ್ಯಾವ. ಒಂದೋ ಇದನ್ನ ಸರಿ ಮಾಡಿ ಕೊಡ್ರಿ. ಇಲ್ಲಾ, ಈ ಯಂತ್ರ ಖೊಟ್ಟಿ ಅಂತ ಪೇಪರ್‌ನಾಗ ಬರೀರಿ. ಕಿತ್ತ ಒಗದ ಬಿಡ್ತೀನಿ.”

ನಾನು ಬರೆದ ಒಂದು ಸಾಲು ಎಲ್ಲೋ ಒಬ್ಬ ಮುದುಕಿಯ ತಾಟಿನಿಂದ ಉಪ್ಪು ತೆಗೆದಿದೆ. ನೀವೇ ಹೇಳಿ, ಇಂಥ ಓದುಗರ ಪತ್ರಕ್ಕೆ ಏನೆಂದು ಉತ್ತರ ಬರೆಯುವುದು?

ಮುಂದಿನ ರಜೆಗೆ ಮಿರಜ ಬಸ್ ಹತ್ತಿದೆ. ಮಾಂಜರಿ ಸೇತುವೆಯ ಕೆಳಗೆ ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಕಾಗವಾಡದಲ್ಲಿ ಇಳಿದರೆ ಜಿನ್ನಪ್ಪ ಮೊಪೆಡ್ ತಂದಿದ್ದರು. ಹಿಂದೆ ಕೂತ ನನ್ನ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಸೀರೆಯ ಸೆರಗು, ಬಾಯಲ್ಲಿ ದೇವರ ನಾಮ. ಹೀಗೆ ವಿಜ್ಞಾನ ಊರು ಪ್ರವೇಶಿಸಿತು.

ಗಿರಣಿಯ ಮುಂದೆ ಜೋಳದ ಬುಟ್ಟಿಗಳ ಸಾಲು. ಬುಟ್ಟಿಗಳ ಹಿಂದೆ ಹೆಂಗಸರ ಸಾಲು. “ಪೇಪರ್ ಬಾಯಾರು ಬಂದ್ರು” ಎಂದು ಪಿಸುಗುಟ್ಟಿದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಾನೇ ಅಲ್ಲಿ ಎಕ್ಸ್‌ಪರ್ಟು.

ಪಕ್ಕದ ಶೆಡ್ಡಿನಲ್ಲಿ ಯಂತ್ರ. ಡ್ರಮ್ಮಿನಿಂದ ಹೊರಟ ಗ್ಯಾಸು ಮೊದಲು ನೀರು ಚಿಮ್ಮುವ ತೊಟ್ಟಿಯಲ್ಲಿ ಹಾದು ತಣ್ಣಗಾಗಿ, ಆಮೇಲೆ ತೆಂಗಿನ ನಾರು ತುಂಬಿದ ಡಬ್ಬಿ ಹೊಕ್ಕು, ಕೊನೆಗೆ ಬಟ್ಟೆಯಲ್ಲಿ ಸೋಸಿ ಇಂಜಿನ್ ಸೇರಬೇಕು. ಕುಡಚಿಯ ದಸ್ತಗೀರ ಮಿಸ್ತ್ರಿ ಮೊಣಕೈತನಕ ಕರಿ ಮಾಡಿಕೊಂಡು ವಾಲ್ವ್ ಉಜ್ಜುತ್ತಿದ್ದರು.

“ಬಾಯಾರ, ಇದು ಇಂಜಿನ್ ಅಲ್ರಿ. ಹುಕ್ಕಾ ಸೇದೋ ಮುದುಕ. ಮುಂಜಾನಿ ಎದ್ದ ಕೂಡಲೆ ಕೆಮ್ಮು,” ಎಂದರು.

ನಾನು ಸೆರಗು ಸಿಕ್ಕಿಸಿದೆ. ನಾರು ಸಾಲದು ಎಂದೆ. ಸಾಮಿಲ್ಲಿನಿಂದ ಕಟ್ಟಿಗೆ ಹೊಟ್ಟು ತರಿಸಿದೆ. ನಾರಿನ ಮೇಲೆ ಹೊಟ್ಟು, ಹೊಟ್ಟಿನ ಮೇಲೆ ಮತ್ತೆ ನಾರು, ಅದರ ಮೇಲೆ ಎರಡು ಪದರ ಬಟ್ಟೆ. (ಜಿನ್ನಪ್ಪನವರ ಇನ್ನೊಂದು ಧೋತರ. ಅವರು ಕಣ್ಣು ಮುಚ್ಚಿಕೊಂಡರು.) ಇಂಜಿನ್ ಚಾಲೂ ಆಯಿತು. ಹೆಂಗಸರು ಎದ್ದು ನಿಂತರು. ಹತ್ತು ನಿಮಿಷಕ್ಕೆ ಉಸಿರುಗಟ್ಟಿ ಇಂಜಿನ್ ನಿಂತಿತು. ಹೆಂಗಸರು ಕೂತರು.

ಒಂದು ಪದರ ತೆಗೆದೆವು. ಓಡಿತು. ಆದರೆ ಟಾರು ನುಸುಳಿತು, ವಾಲ್ವ್ ಅಂಟಿತು. ಪದರ ಹಾಕಿದೆವು. ನಿಂತಿತು. ಸೋಸಿದರೆ ಗ್ಯಾಸು ಬಾರದು, ಸೋಸದಿದ್ದರೆ ಟಾರು ಬಿಡದು. ಹೀಗೇ ಮಧ್ಯಾಹ್ನವಾಯಿತು. ಹೆಂಗಸರು ಏಳುವುದನ್ನು ಬಿಟ್ಟುಬಿಟ್ಟರು.

“ಊಟಕ್ಕ ಬರ್ರಿ,” ಎಂದು ಮನೆಯಿಂದ ಕರೆ ಬಂತು.

ಜಿನ್ನಪ್ಪನವರ ತಾಯಿ ಪದ್ಮವ್ವ. ಸಣ್ಣ ದೇಹ, ನೆಟ್ಟಗಿನ ಬೆನ್ನು. ಕುಪ್ಪಸದ ತೋಳು ಸಡಿಲಾಗಿ ಜೋಲುತ್ತಿತ್ತು, ಅದನ್ನು ಹೊಲಿಸಿದಾಗ ಒಳಗೆ ಇನ್ನಷ್ಟು ಕೈ ಇದ್ದಿರಬೇಕು. ನನ್ನ ತಾಟಿಗೆ ಜೋಳದ ಭಕ್ಕರಿ, ಮಡಿಕೆಕಾಳಿನ ಪಲ್ಯ, ಬೆಲ್ಲ ಹಾಕಿದ ಗೋಧಿ ಹುಗ್ಗಿ, ಮೇಲೆ ಹಾಲು. ಅವರ ತಾಟಿನಲ್ಲಿ ಭಕ್ಕರಿ, ಉಪ್ಪಿಲ್ಲದ ಬೇಳೆ. ಒಂದೊಂದು ತುತ್ತನ್ನೂ ಅವಸರವಿಲ್ಲದೆ ಅಗಿಯುತ್ತಿದ್ದರು.

“ಆಯಿ, ಮಗನ ಮ್ಯಾಲ ಸಿಟ್ಟೇನ್ರಿ?” ಎಂದು ಕೇಳಿಯೇಬಿಟ್ಟೆ.

“ಸಿಟ್ಟ್ಯಾಕ ತಂಗಿ? ಅಂವ ಕಳ್ಳತನಾ ಮಾಡ್ಯಾನೇನು? ಊರಿಗೆ ಹಿಟ್ಟ ಬೀಸಾಕತ್ತಾನ. ಆದ್ರ ಜೀವ ಸತ್ತಿದ್ದು ನನ್ನ ಹಿತ್ತಲದಾಗ. ನಾ ಏನೂ ಆಗೇ ಇಲ್ಲ ಅನ್ನೂಹಂಗ ಹುಗ್ಗಿ ಉಣ್ಣಲೇನು?”

ನಾನು ಹುಗ್ಗಿ ಬೇಗ ಬೇಗ ಮುಗಿಸಿದೆ.

ಊಟವಾದ ಮೇಲೆ ಅವರು ಬಾವಿಯಿಂದ ನೀರು ಸೇದಿದರು. ಎರಡು ಮಡಿಕೆ ಮಾಡಿದ ಬಿಳಿ ಬಟ್ಟೆ ಕೊಡದ ಬಾಯಿಗೆ ಕಟ್ಟಿ ಸೋಸಿದರು. ಜೈನರ ಮನೆಯಲ್ಲಿ ಸೋಸದ ನೀರು ಮುಟ್ಟುವುದಿಲ್ಲ, ಇದು ನಮಗೆಲ್ಲ ಗೊತ್ತು. ಆಮೇಲಿನದು ನನಗೆ ಗೊತ್ತಿರಲಿಲ್ಲ. ಬಟ್ಟೆ ಬಿಚ್ಚಿ ಹಿಂಡಲಿಲ್ಲ. ಸಣ್ಣ ಗಡಿಗೆಯ ಮೇಲೆ ತಿರುವಿ ಹಿಡಿದು, ಸೋಸಿದ ನೀರನ್ನೇ ಮೇಲಿನಿಂದ ಹನಿಸಿದರು. ಬಟ್ಟೆಗೆ ಅಂಟಿದ್ದೆಲ್ಲ ಗಡಿಗೆಗೆ ಇಳಿಯಿತು. ಆ ಗಡಿಗೆಯನ್ನು ಹಗ್ಗದಲ್ಲಿ ಬಾವಿಯ ನೀರಿನ ಮಟ್ಟದತನಕ ಮೆಲ್ಲಗೆ ಇಳಿಸಿ ಅಲ್ಲೇ ಬಾಗಿಸಿದರು.

“ಮ್ಯಾಲಿಂದ ಚೆಲ್ಲಿದ್ರ ಆಗೂದಿಲ್ಲೇನ್ರಿ?” ಎಂದೆ.

“ಆಗೂದಿಲ್ಲ. ಅಷ್ಟ ಮ್ಯಾಲಿಂದ ಬಿದ್ರ ನೀ ಉಳೀತಿಯೇನು? ಎಲ್ಲಿಂದ ಬಂದಾವೋ ಅಲ್ಲೇ ಮುಟ್ಟಸಬೇಕು. ಸೋಸೂದು ಅರ್ಧಾ ಕೆಲಸ ತಂಗಿ. ಸೋಸಿದ್ದನ್ನ ಮುಟ್ಟಸೂದು ಉಳಿದ ಅರ್ಧಾ.”

ಅದೇನು ಹೊಳೆಯಿತೋ, “ಆಯಿ, ಒಮ್ಮೆ ಗಿರಣಿತನಕಾ ಬರ್ರಿ,” ಎಂದೆ. ಆ ಕಪ್ಪೆ ಸತ್ತ ದಿನದಿಂದ ಅವರು ಶೆಡ್ಡಿನ ಕಡೆ ಕಾಲಿಟ್ಟಿರಲಿಲ್ಲವಂತೆ. ಸೆರಗು ಹೊದ್ದು ಹೊರಟರು. ನೆಲ ನೋಡಿ ನೋಡಿ ಹೆಜ್ಜೆ ಇಡುತ್ತ ಬಂದರು.

ಶೆಡ್ಡಿಗೆ ಬಂದವರು ಇಂಜಿನ್ ನೋಡಲಿಲ್ಲ. ನನ್ನ ಅಮೋಘವಾದ ಪದರ ಪದರದ ಫಿಲ್ಟರ್ ನೋಡಲಿಲ್ಲ. ಸೀದಾ ಮೂಲೆಯ ಕಟ್ಟಿಗೆ ರಾಶಿಯ ಹತ್ತಿರ ಹೋಗಿ ಒಂದು ತುಂಡು ಎತ್ತಿದರು. ನೀರು ತೊಟ್ಟಿಕ್ಕಿತು.

“ಏ ಜಿನ್ನಾ, ಕಟ್ಟಿಗಿ ಯಾಕ ತೊಯ್ದಾವ? ಮ್ಯಾಲ ಪತ್ರಾಸ ಐತಿ. ಮಳಿ ಒಳಗ ಬಂದಿಲ್ಲ.”

ಜಿನ್ನಪ್ಪ ಟೋಪಿ ತೆಗೆದು ತಲೆ ಕೆರೆದರು. ಮತ್ತೆ ಹಾಕಿಕೊಂಡರು.

“ಪೈಪ್ ಹಚ್ಚಿ ನೀರ ಹೊಡೀತೀನಿ ಅವ್ವ. ಇರಿವಿ, ಗೊದ್ದ ಇರ್ತಾವಲ್ಲ, ಓಡಿಹೋಗ್ಲಿ ಅಂತ. ಒಂದ ಜೀವಾನೂ ಬೆಂಕ್ಯಾಗ ಹೋಗಬಾರ್ದು ಅಂತ ನಿನಗ ಮಾತ ಕೊಟ್ಟಿದ್ದೆ.”

ವಿಷಯ ಹೀಗೆ. ಪದ್ಮವ್ವನ ಮನೆಯಲ್ಲಿ ಒಂದೊಂದು ಕಟ್ಟಿಗೆಯನ್ನೂ ಕಲ್ಲಿಗೆ ಬಡಿದು, ಹುಳ ಇಲ್ಲವೆಂದು ನೋಡಿ, ಒಣಗಿಸಿ ಆಮೇಲೆ ಒಲೆಗೆ. ಬೇಸಿಗೆಯಲ್ಲಿ ಗಿರಣಿಯ ಕಟ್ಟಿಗೆಗೂ ಹಾಗೇ ಮಾಡಿದ್ದರು. ಮಳೆಗಾಲದಲ್ಲಿ ಬಿಸಿಲಿಲ್ಲ, ಬುಟ್ಟಿಗಳ ಸಾಲು ಬೇರೆ. ಒಂದೊಂದನ್ನೇ ಬಡಿಯುತ್ತ ಕೂರಲು ಪುರುಸೊತ್ತೆಲ್ಲಿ? ಮಗ ಶಾರ್ಟ್‌ಕಟ್ ಹುಡುಕಿದ್ದರು.

ಪದ್ಮವ್ವ ಆ ತುಂಡನ್ನು ಮಗನ ಕೈಯಲ್ಲೇ ಇಟ್ಟರು.

“ಇರಿವಿ ಉಳಸಾಕ ನೀರ ಹೊಡದಿ. ತೊಯ್ದ ಕಟ್ಟಿಗಿ ಕರಿ ಕಾರಿತು. ಆ ಕರಿ ತೊಳದ ನೀರಾಗ ಇರಿವಿ ಸತ್ತು. ಭಾಳ ಶಾಣ್ಯಾ ಅದಿ ನನ ಮಗನ!”

ದಸ್ತಗೀರ ಮಿಸ್ತ್ರಿ ನಗು ತಡೆಯಲಾರದೆ ಹೊರಗೆ ಹೋದರು. ಹೆಂಗಸರ ಸಾಲಿನಲ್ಲೂ ನಗು ಹಬ್ಬಿತು. ನಾನು ಮಾತ್ರ ನಗಲಿಲ್ಲ. ಯಾಕೆಂದರೆ ಬೆಳಿಗ್ಗೆಯಿಂದ ನನ್ನ ಛತ್ರಿಯನ್ನು ಅದೇ ರಾಶಿಗೆ ಒರಗಿಸಿದ್ದೆ, ತೇವ ಕಣ್ಣಿಗೇ ಬಿದ್ದಿರಲಿಲ್ಲ!

ಹಸಿ ಕಟ್ಟಿಗೆಗೆ ಹೊಗೆ ಹೆಚ್ಚು ಎಂದು ತಿಳಿಯಲು ಬಿ.ಎಸ್ಸಿ. ಬೇಕೆ? ಬೆಂಕಿಯ ಕಾವೆಲ್ಲ ನೀರು ಒಣಗಿಸಲಿಕ್ಕೇ ಖರ್ಚು. ಕಡು ಕಾವಿನಲ್ಲಿ ಒಡೆದು ಗ್ಯಾಸಾಗಬೇಕಾದ ಟಾರು ಇಡಿಯಾಗಿ ಹೊರಗೆ ಬರುತ್ತದೆ. ಇದನ್ನು ಒಲೆ ಊದಿದ ಯಾವ ಹೆಣ್ಣುಮಗಳಾದರೂ ಹೇಳುತ್ತಾಳೆ. ನಾನೂ ದಿನಾ ಊದುತ್ತೇನೆ. ಆದರೆ ಯಂತ್ರ ಕಂಡ ಕೂಡಲೇ ನಾನು ಒಲೆಯನ್ನು ಮರೆತು ಪಠ್ಯಪುಸ್ತಕ ತೆಗೆದೆ, ಪದ್ಮವ್ವನ ಮುಂದೆ ಹಾಗೇ ಒಪ್ಪಿಕೊಂಡೆ. ನಮ್ಮ ಶಾಲೆಗಳಲ್ಲೂ ನಡೆಯುವುದು ಇದೇ ಅಲ್ಲವೇ? ಐದನೇ ಇಯತ್ತೆಯಲ್ಲಿ ಕಲಿಸದೆ ಬಿಡುತ್ತೇವೆ, ಹತ್ತನೇ ಇಯತ್ತೆಯಲ್ಲಿ ಪರೀಕ್ಷೆಯ ಜಾಳಿಗೆ ಹಿಡಿದು ಸೋಸುತ್ತೇವೆ. ಆಮೇಲೆ ಜಾಳಿಗೆ ಸರಿಯಿಲ್ಲ ಎಂದು ಮೀಟಿಂಗ್ ಮಾಡುತ್ತೇವೆ.

ಪದ್ಮವ್ವ ಮೀಟಿಂಗ್ ಮಾಡಲಿಲ್ಲ. ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಒಣಗಿಸಿ ಅಟ್ಟದ ಮೇಲೆ ಒಟ್ಟಿದ್ದ ತಮ್ಮ ಒಲೆಯ ಕಟ್ಟಿಗೆ ಕೆಳಗೆ ತರಿಸಿದರು. ಸಾಲಿನಲ್ಲಿ ಕೂತ ಹೆಂಗಸರ ಕಡೆ ತಿರುಗಿದರು.

“ಸುಮ್ಮನ ಯಾಕ ಕುಂತೀರಿ? ಹಿಟ್ಟ ಬೇಕಾದ್ರ ಕಟ್ಟಿಗಿ ಬಡೀರಿ. ನಾಳಿಂದ ಬರೂಮುಂದ ಜೋಳದ ಬುಟ್ಟಿ ಜೋಡಿ, ಒಲಿ ಮಗ್ಗಲ ಒಣಗಿದ ನಾಕ ತುಂಡ ತರ್ರಿ.”

ಟಕ್ ಟಕ್ ಟಕ್. ಗಿರಣಿಯ ಮುಂದೆ ಹತ್ತು ಕೈ ಒಟ್ಟಿಗೆ ಕಟ್ಟಿಗೆ ಬಡಿಯತೊಡಗಿದವು. ಕೈ ಬಡಿಯಿತು, ಬಾಯಿ ಊರ ಸುದ್ದಿ ಬೀಸಿತು.

ಹೊಸ ಕಟ್ಟಿಗೆ ಹಾಕಿ ಡ್ರಮ್ ಹೊತ್ತಿಸಿದೆವು. ಮಿಸ್ತ್ರಿ ಮೊದಲ ಹೊಗೆಯನ್ನು ಇಂಜಿನ್‌ಗೆ ಕೊಡದೆ ಪಕ್ಕದ ಕೊಳವೆಯಿಂದ ಹೊರಗೇ ಬಿಟ್ಟು ಸುಟ್ಟರು. ಉರಿ ತಿಳಿಯಾದ ಮೇಲೆ ಕೊಳವೆಗೆ ಬಿಳಿ ಬಟ್ಟೆ ಹಿಡಿದರು. ನಾನು ಉಸಿರು ಬಿಗಿಹಿಡಿದೆ. ಬಟ್ಟೆ ಕರಿಯಾಗಲಿಲ್ಲ. ಚಹಾ ಸೋಸಿದಷ್ಟು ಕಂದು ಬಣ್ಣ, ಅಷ್ಟೇ. ನಾರಿನ ಡಬ್ಬಿಯಲ್ಲಿ ಒಂದೇ ಪದರ ಉಳಿಸಿ ಇಂಜಿನ್ ಚಾಲೂ ಮಾಡಿದೆವು. ಒಂದು ತಾಸು ಓಡಿತು. ಎರಡು ತಾಸು ಓಡಿತು. ಮೊದಲ ಬುಟ್ಟಿಯ ಹೆಂಗಸು ಹಿಟ್ಟು ಹೊತ್ತು ಹೊರಡುವಾಗ ನನ್ನ ಕಡೆ ನೋಡಿ ನಕ್ಕಳು. (ನೋಬೆಲ್ ಬಂದವರಿಗೂ ಇಷ್ಟು ಖುಷಿ ಆಗಿರಲಿಕ್ಕಿಲ್ಲ.)

ಕರಿ ನೀರು? ಅದು ಕಡಿಮೆಯಾಯಿತು, ಇಲ್ಲವಾಗಲಿಲ್ಲ. ನನ್ನ ಬುದ್ಧಿ ಮತ್ತೆ ಓಡಿತು. “ಊರ ಹೊರಗ ಒಂದು ತೆಗ್ಗು ತೋಡಿ ಸುರುವಿ ಬಿಡ್ರಿ,” ಎಂದೆ.

“ಊರ ಹೊರಗ ಇರಿವಿ ಇರೂದಿಲ್ಲೇನು?” ಎಂದರು ಪದ್ಮವ್ವ.

ದಾರಿಯನ್ನೂ ಅವರೇ ತೋರಿಸಿದರು. “ಆ ಕರಿ ಎಲ್ಲಿಂದ ಬಂತು? ಬೆಂಕ್ಯಾಗಿಂದ. ಹಂಗಾರ ಬೆಂಕಿಗೇ ಮುಟ್ಟಸ್ರಿ.”

ಮಿಸ್ತ್ರಿ ತಲೆದೂಗಿದರು. ತೊಟ್ಟಿಯ ನೀರನ್ನು ಹೊರಗೆ ಬಿಡದೆ ಅದನ್ನೇ ಮತ್ತೆ ಮತ್ತೆ ತಿರುಗಿಸುವಂತೆ ಪೈಪು ಜೋಡಿಸಿದರು. ಮೇಲೆ ತೇಲಿದ ಕರಿ ಕೆನೆಯನ್ನು ನನ್ನ ಫಿಲ್ಟರಿನ ಕಟ್ಟಿಗೆ ಹೊಟ್ಟಿನಲ್ಲಿ ಹೀರಿಸಿ, ಬಿಸಿ ಡ್ರಮ್ಮಿನ ಮಗ್ಗುಲಲ್ಲಿ ಒಣಗಿಸಿ, ಒಂದೊಂದು ಹಿಡಿ ಉರಿಯೊಳಗೆ ಹಾಕಿದರು. ಭಗ್ ಎಂದು ಉರಿಯಿತು. ಅಂತೂ ನಾನು ತರಿಸಿದ ಹೊಟ್ಟು ದಂಡವಾಗಲಿಲ್ಲ.

ಸೂರ್ಯ ಮುಳುಗುವ ಮೊದಲು ಕೊನೆಯ ಬುಟ್ಟಿ ಖಾಲಿ. ಜೈನರಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಪದ್ಮವ್ವ ತಾಟಿನ ಮುಂದೆ ಕೂತರು. ಜಿನ್ನಪ್ಪ ಉಪ್ಪಿನ ಬಟ್ಟಲು ಹಿಡಿದು ನಿಂತರು. ನನ್ನ ಕಣ್ಣು ತುಂಬಿದವು, ಸುಳ್ಳೇಕೆ ಹೇಳಲಿ.

“ಇವತ್ತ ಬ್ಯಾಡ,” ಎಂದರು ಅವರು, ಮಗನ ಕೈ ಸವರಿ. “ಹಿತ್ತಲದಾಗ ಇರಿವಿ ತಿರುಗಿ ಬರ್ಲಿ. ನೋಡೂಣು.”

ನಾನು ಕೊನೆಯ ಬಸ್ಸಿಗೆ ವಾಪಸು ಬಂದೆ. ಯಜಮಾನರು ನನ್ನ ಸೀರೆಯ ಟಾರು ನೋಡಿ, “ಯಾವ ರಸ್ತಾ ಹಾಕಿ ಬಂದಿ?” ಎಂದರು. ಮೂರು ಸಲ ಒಗೆದರೂ ಆ ಕಲೆ ಹೋಗಿಲ್ಲ.

ನಿನ್ನೆ ಜಿನ್ನಪ್ಪನವರ ಕಾರ್ಡು ಬಂತು. ಮಾತಾಡಿದ ಹಾಗೇ ಬರೆಯುತ್ತಾರೆ, ಇದ್ದ ಹಾಗೇ ಕೊಡುತ್ತೇನೆ:

“ಗಿರಣಿ ಛಲೋ ನಡದೈತಿ. ವಾಲ್ವ್ ಒಮ್ಮೆ ಅಷ್ಟ ಬಿಚ್ಚಿದ್ವಿ. ಯಾರೋ ಹಸಿ ಕಟ್ಟಿಗಿ ತಂದಿದ್ರು, ಅವ್ವ ಅವರ ಬುಟ್ಟಿ ಸಾಲಿನಿಂದ ಹೊರಗ ಇಟ್ಲು. ಹಿತ್ತಲದಾಗ ಇರಿವಿ ಸಾಲ ಹಚ್ಚ್ಯಾವ. ಅವ್ವ ಸೋಮವಾರ ಉಪ್ಪ ತಿಂದ್ಲು, ಬುಧವಾರ ಹಾಲ ಕುಡದ್ಲು. ಬೆಲ್ಲ ಮಾತ್ರ ಇನ್ನೂ ಮುಟ್ಟವಲ್ಲಳು. ಯಾಕ ಅಂದ್ರ, ಅದು ಬಾಯಾರ ತಪ್ಪಿನ ಪಾಲಿಂದು, ಅವರು ಏನರೆ ಒಂದ ಬಿಡೂತನಕಾ ನಾ ತಿನ್ನೂದಿಲ್ಲ ಅಂತಾಳ. ಕೇಳಿ ಬರಿ ಅಂದಾಳ: ನಾ ಉಪ್ಪ ಬಿಟ್ಟೆ, ಮಗ ಎರಡ ಧೋತರ ಬಿಟ್ಟ, ಒಲಿ ಮರತ ಬರದಾಕಿ ಏನ ಬಿಟ್ಟಾಳ?”